ಮಂಡಿ ಆಪರೇಷನ್ ಆಯ್ತು, ಚಿಪ್ಪು ಮಾತ್ರ ನೋಯ್ತಿದೆ: ಏನು ಮಾಡಬೇಕು?

ಮಂಡಿ ಬದಲಿಸುವ ಆಪರೇಷನ್ ಆಗಿ ಐದು ವಾರವಾಗಿತ್ತು. ನೋಡಲು ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು. "ಎಷ್ಟು ಮಡಚೋಕೆ ಬರುತ್ತೆ ಟೀಚರ್?" ನೂರು ಡಿಗ್ರಿ ಎಂದರೆ ಸಾಕು, ಖುಷಿಯಾಗಿ ಕಾಫಿ ಕುಡಿದು ಹೋಗುತ್ತಿದ್ದರು. ಆದರೆ ದಾವಣಗೆರೆಯ ನಮ್ಮ ಮನೆ ಮುಂದೆ ಮೂರು ಮೆಟ್ಟಿಲಿವೆ. ಅವನ್ನು ಇಳಿಯುವಾಗ ಚಿಪ್ಪಿನ ಹಿಂದೆ ಯಾರೋ ಮೊಳೆ ಒತ್ತಿದ ಹಾಗೆ ಆಗುತ್ತಿತ್ತು. ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಷ್ಟು ದುಡ್ಡು ಸುರಿದು ಹೊಸ ಮಂಡಿ ಹಾಕಿಸಿಕೊಂಡು "ಇನ್ನೂ ನೋವು" ಅಂದರೆ ಮಗ, ಸೊಸೆ ಏನಂದುಕೊಂಡಾರು ಅನ್ನುವ ಸಂಕೋಚ.

ಆಸ್ಪತ್ರೆಯಿಂದ ಬಿಡುವಾಗ ವ್ಯಾಯಾಮದ ಚಿತ್ರಗಳಿದ್ದ ಒಂದು ಹಾಳೆ ಕೊಟ್ಟಿದ್ದರು. ಅದರಲ್ಲಿ ಚಿಪ್ಪಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಕೊನೆಗೆ ಮನೆಗೆ ಬರುತ್ತಿದ್ದ ಫಿಸಿಯೋ ಹುಡುಗಿಯ ಹತ್ತಿರ ಬಾಯಿಬಿಟ್ಟೆ. ಅವಳು ನನ್ನ ಎರಡೂ ತೊಡೆಗಳನ್ನು ಒತ್ತಿ ನೋಡಿ ಹೇಳಿದಳು: "ಅಮ್ಮಾ, ಚಿಪ್ಪು ನೋಯ್ತಿದ್ರೆ ಚಿಪ್ಪನ್ನೇ ಹಿಡ್ಕೊಂಡು ಕೂರಬೇಡಿ. ಮೊದಲು ತೊಡೆ ನೋಡಿ." ಆಪರೇಷನ್ ಆದ ಕಾಲಿನ ತೊಡೆ ಹಿಂಜಿದ ಹತ್ತಿಯ ಹಾಗೆ ಮೆತ್ತಗಾಗಿತ್ತು.

ಆಮೇಲಿನ ತಿಂಗಳುಗಳಲ್ಲಿ ಮಾಡಿದ್ದು, ಕೇಳಿ ತಿಳಿದುಕೊಂಡದ್ದು, ತಪ್ಪು ಮಾಡಿ ಕಲಿತದ್ದು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ, ರಿಟೈರ್ ಆದ ಟೀಚರ್. ನಿಮ್ಮ ಸರ್ಜನ್ ಬೇರೆ ರೀತಿ ಹೇಳಿದ್ದರೆ ಅವರ ಮಾತೇ ಮೇಲು.

ಚಿಪ್ಪಿಗೆ ಏನು ಮಾಡಿದ್ದಾರೆ, ಮೊದಲು ತಿಳಿಯಿರಿ

ಬಾವಿಯ ರಾಟೆ ನೆನಪಿಸಿಕೊಳ್ಳಿ. ತೊಡೆಯ ಮುಂಭಾಗದ ಸ್ನಾಯು ಹಗ್ಗ. ಮೊಣಕಾಲಿನ ಕೆಳಗಿನ ಕಾಲು ಕೊಡ. ನಡುವೆ ಇರುವ ರಾಟೆಯೇ ಚಿಪ್ಪು. ಅದು ಇರುವುದರಿಂದಲೇ ಕಡಿಮೆ ಶಕ್ತಿಯಲ್ಲಿ ಕಾಲು ನೆಟ್ಟಗಾಗುತ್ತದೆ. ಒಂದೇ ವ್ಯತ್ಯಾಸ. ಬಾವಿಯ ರಾಟೆ ಕಂಬಕ್ಕೆ ಸಿಕ್ಕಿಸಿರುತ್ತದೆ, ಈ ರಾಟೆ ಹಗ್ಗದಲ್ಲೇ ಕೂತಿರುತ್ತದೆ. ತೊಡೆಮೂಳೆಯ ತುದಿಯಲ್ಲಿರುವ ಒಂದು ಕಾಲುವೆಯಲ್ಲಿ ಮೇಲೆ ಕೆಳಗೆ ಜಾರುತ್ತದೆ. ಹಗ್ಗ ಸಡಿಲವಾದರೆ ಅಥವಾ ಒಂದು ಕಡೆಗೆ ಎಳೆದರೆ ರಾಟೆ ಉಜ್ಜತೊಡಗುತ್ತದೆ.

ಆಪರೇಷನ್‌ನಲ್ಲಿ ತೊಡೆಮೂಳೆಯ ತುದಿಗೆ ಲೋಹದ ಕವಚ ಹಾಕುತ್ತಾರೆ. ಕಾಲಿನ ಮೂಳೆಯ ಮೇಲೆ ಲೋಹದ ತಟ್ಟೆ, ಎರಡರ ನಡುವೆ ಗಟ್ಟಿ ಪ್ಲಾಸ್ಟಿಕ್. ಚಿಪ್ಪಿನ ವಿಷಯದಲ್ಲಿ ಮಾತ್ರ ಸರ್ಜನ್‌ಗಳದ್ದು ಎರಡು ದಾರಿ. ಕೆಲವರು ಚಿಪ್ಪಿನ ಹಿಂಭಾಗವನ್ನು ತುಸು ಕೆತ್ತಿ ಅಲ್ಲೊಂದು ಪ್ಲಾಸ್ಟಿಕ್ ಗುಂಡಿ ಅಂಟಿಸುತ್ತಾರೆ. ಕೆಲವರು ಚಿಪ್ಪನ್ನು ಇದ್ದ ಹಾಗೇ ಬಿಡುತ್ತಾರೆ. ಎರಡೂ ನಡೆಯುವ ಪದ್ಧತಿಗಳೇ. ನಿಮ್ಮದು ಯಾವುದು ಅನ್ನುವುದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಇರಬೇಕು. "ಪಟೆಲ್ಲಾ ರಿಸರ್ಫೇಸಿಂಗ್" ಅನ್ನುವ ಮಾತು ಹುಡುಕಿ. ಇಲ್ಲದಿದ್ದರೆ ಮುಂದಿನ ಚೆಕಪ್‌ನಲ್ಲಿ ಕೇಳಿ ಬರೆಸಿಕೊಳ್ಳಿ. ಇಂಪ್ಲಾಂಟ್‌ನ (ಒಳಗೆ ಹಾಕಿದ ಲೋಹ, ಪ್ಲಾಸ್ಟಿಕ್ ಭಾಗಗಳ) ಸ್ಟಿಕ್ಕರ್‌ಗಳನ್ನೂ ಅದೇ ಫೈಲ್‌ನಲ್ಲಿಡಿ. ಮುಂದೆ ಯಾವತ್ತಾದರೂ ಚಿಪ್ಪಿಗೆ ತೊಂದರೆ ಬಂದರೆ ಡಾಕ್ಟರ್ ಮೊದಲು ಕೇಳುವುದು ಇದನ್ನೇ.

ತೊಡೆ ಯಾಕೆ ಸೋಲುತ್ತದೆ ಅಂತೀರಾ? ಮಂಡಿಯ ಒಳಗೆ ಹೋಗಲು ಚಿಪ್ಪಿನ ಪಕ್ಕದಲ್ಲೇ ಕುಯ್ದು, ಚಿಪ್ಪನ್ನು ಬದಿಗೆ ಸರಿಸಿರುತ್ತಾರೆ. ಮೇಲಾಗಿ, ಮಂಡಿ ಊದಿಕೊಂಡಿರುವಷ್ಟು ದಿನ ತೊಡೆಯ ಸ್ನಾಯು ತನ್ನಷ್ಟಕ್ಕೇ ಮಂಕಾಗುತ್ತದೆ. ನಾವು ಸೋಮಾರಿಗಳಾಗಿದ್ದೇವೆ ಅಂತಲ್ಲ. ದೇಹವೇ ಅದಕ್ಕೆ ಬರುವ ಕರೆಂಟು ತಗ್ಗಿಸುತ್ತದೆ. ಆದ್ದರಿಂದ ಬಾವು ಇಳಿಸುವುದೂ ತೊಡೆ ಎಬ್ಬಿಸುವುದೂ ಒಂದೇ ಕೆಲಸದ ಎರಡು ತುದಿಗಳು.

ನಿಮ್ಮದು ಯಾವ ತೊಂದರೆ?

"ಚಿಪ್ಪು ಸರಿಯಿಲ್ಲ" ಅನ್ನುವುದರಲ್ಲಿ ನಾಲ್ಕೈದು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿರುತ್ತವೆ. ಬಿಡಿಸಿ ನೋಡಿ.

ಟಕ್ ಟಕ್ ಸದ್ದು ಬರುತ್ತದೆ, ನೋವಿಲ್ಲ. ಇದಕ್ಕೆ ಹೆದರಬೇಡಿ. ಲೋಹ ಪ್ಲಾಸ್ಟಿಕ್‌ಗೆ ತಾಗುವ ಸದ್ದು ಅದು. ಮಂಡಕ್ಕಿ ಅಗಿದ ಹಾಗೆ ಕರಕರ ಅನ್ನುವುದೂ ಉಂಟು. ನೋವು, ಬಾವು ಇಲ್ಲದಿದ್ದರೆ ಚೆಕಪ್‌ಗೆ ಹೋದಾಗ ಹೇಳಿದರೆ ಸಾಕು.

ಗಾಯದ ಹೊರಬದಿಯಲ್ಲಿ ಚರ್ಮ ಜೋಮು ಹಿಡಿದಂತಿದೆ. ಇದು ತುಂಬಾ ಜನಕ್ಕೆ ಆಗುತ್ತದೆ. ಅಲ್ಲಿ ಹಾದುಹೋಗುವ ಚರ್ಮದ ಸಣ್ಣ ನರ ಕುಯ್ಯುವಾಗ ಕತ್ತರಿಸಿರುತ್ತದೆ. ಜೋಮಿನ ಜಾಗ ತಿಂಗಳುಗಳಲ್ಲಿ ಕಿರಿದಾಗುತ್ತದೆ, ಕೆಲವರಿಗೆ ಸ್ವಲ್ಪ ಉಳಿದೇಬಿಡುತ್ತದೆ. ಒಂದು ಎಚ್ಚರಿಕೆ: ಅಲ್ಲಿ ಬಿಸಿ, ತಣ್ಣನೆ ಸರಿಯಾಗಿ ಗೊತ್ತಾಗುವುದಿಲ್ಲ. ಬಿಸಿನೀರಿನ ಚೀಲ ಇಟ್ಟು ಬೊಬ್ಬೆ ಬರಿಸಿಕೊಳ್ಳಬೇಡಿ.

ಮೆಟ್ಟಿಲು ಇಳಿಯುವಾಗ, ತುಂಬಾ ಹೊತ್ತು ಕೂತು ಏಳುವಾಗ ಚಿಪ್ಪಿನ ಸುತ್ತ ನೋವು. ಇದು ನನ್ನದು. ಬಹಳಷ್ಟು ಸಲ ಇದರ ಹಿಂದೆ ಸೋತ ತೊಡೆ ಇರುತ್ತದೆ.

ಚಿಪ್ಪು ಅಂಟಿಕೊಂಡಂತಿದೆ, ಬೆರಳಿನಿಂದ ತಳ್ಳಿದರೂ ಅಲುಗುವುದಿಲ್ಲ. ಮಂಡಿಯೂ ಬಿಗಿ. ಇದು ಒಳಗೆ ಗಾಯದ ನಾರು ಬೆಳೆದು ಬಿಗಿದದ್ದು. ಇದಕ್ಕೆ ಕಾಯುತ್ತಾ ಕೂರಬಾರದು, ಫಿಸಿಯೋಗೆ ಬೇಗ ತೋರಿಸಬೇಕು.

ಮಡಚಿದ ಕಾಲನ್ನು ನೆಟ್ಟಗೆ ಮಾಡುವಾಗ ಒಂದು ಹಂತದಲ್ಲಿ ಸಿಕ್ಕಿಹಾಕಿಕೊಂಡು, ಆಮೇಲೆ 'ಕಟಕ್' ಎಂದು ನೋವಿನೊಂದಿಗೆ ಬಿಡುತ್ತದೆ. ಚಿಪ್ಪಿನ ಮೇಲಂಚಿನಲ್ಲಿ ಸಣ್ಣ ಗಂಟು ಬೆಳೆದಾಗ ಹೀಗಾಗುತ್ತದೆ. ಇದು ಸಾಮಾನ್ಯವಾಗಿ ಕೆಲವು ತಿಂಗಳಾದ ಮೇಲೆ ಕಾಣಿಸಿಕೊಳ್ಳುವ ತೊಂದರೆ. ವ್ಯಾಯಾಮ ಜಾಸ್ತಿ ಮಾಡಿದರೆ ಹೋಗುವುದಿಲ್ಲ, ಸರ್ಜನ್ ನೋಡಬೇಕು. ಚಿಪ್ಪು ಪಕ್ಕಕ್ಕೆ ಜಾರಿದಂತೆ ಅನಿಸಿದರೆ, ಮಂಡಿ ದಿಢೀರನೆ ಕುಸಿದರೆ ಅದಕ್ಕೂ ಸರ್ಜನ್ನೇ.

ಮೊದಲ ಎರಡು ವಾರ: ಮಡಚುವುದಕ್ಕಿಂತ ನೆಟ್ಟಗೆ ಮಾಡುವುದು ಮುಖ್ಯ

ಮಂಡಿಯ ಕೆಳಗೆ ದಿಂಬು ಇಟ್ಟರೆ ಹಾಯೆನಿಸುತ್ತದೆ. ಇಡಬೇಡಿ. ಹಾಗೆ ಮಲಗಿದರೆ ಮಂಡಿ ಸ್ವಲ್ಪ ಬಾಗಿದಲ್ಲೇ ಗಟ್ಟಿಯಾಗುತ್ತದೆ. ಪೂರ್ತಿ ನೆಟ್ಟಗಾಗದ ಕಾಲಿನಲ್ಲಿ ನಿಂತರೆ ತೊಡೆ ಇಡೀ ದಿನ ಎಳೆದುಕೊಂಡೇ ಇರಬೇಕು, ಚಿಪ್ಪಿನ ಮೇಲೆ ಒತ್ತಡ ಬಿಡುವುದೇ ಇಲ್ಲ. ದಿಂಬು ಬೇಕೆಂದರೆ ಹಿಮ್ಮಡಿಯ ಕೆಳಗೆ ಇಡಿ. ದಿನಕ್ಕೆ ಮೂರು ನಾಲ್ಕು ಸಲ, ಐದರಿಂದ ಹತ್ತು ನಿಮಿಷ, ಸುತ್ತಿದ ಟವೆಲ್ ಹಿಮ್ಮಡಿಗೆ ಕೊಟ್ಟು ಮಂಡಿಯನ್ನು ಹಾಗೇ ಇಳಿಬಿಡಿ.

ಎರಡನೆಯದು ತೊಡೆ ಬಿಗಿಯುವುದು. ಕಾಲು ಚಾಚಿ ಮಲಗಿ. ಪಾದದ ಬೆರಳು ನಿಮ್ಮ ಕಡೆಗೆ ಎಳೆದುಕೊಳ್ಳಿ. ಮಂಡಿಯ ಹಿಂಭಾಗವನ್ನು ಹಾಸಿಗೆಗೆ ಒತ್ತಿ, 5 ಎಣಿಸುವವರೆಗೆ ಹಿಡಿದು ಬಿಡಿ. ಹತ್ತು ಸಲ. ದಿನಕ್ಕೆ ಮೂರು ನಾಲ್ಕು ಸುತ್ತು. ಇಲ್ಲಿ ನೋಡಬೇಕಾದದ್ದು ಚಿಪ್ಪನ್ನು. ತೊಡೆ ಬಿಗಿದಾಗ ಅದು ತೊಡೆಯ ಕಡೆಗೆ ಸರ್ರನೆ ಜಾರಬೇಕು. ನನಗೆ ಮೊದಲ ನಾಲ್ಕು ದಿನ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಎರಡೂ ಕಾಲು ಒಟ್ಟಿಗೆ ಒತ್ತಿ, ಒಳ್ಳೆ ಕಾಲಿನ ತೊಡೆಯ ಮೇಲೆ ಕೈಯಿಟ್ಟು, "ಹೀಗೆ ಮಾಡು" ಎಂದು ಇನ್ನೊಂದಕ್ಕೆ ಪಾಠ ಹೇಳಿದ ಹಾಗೆ ಮಾಡಿದೆ. ಐದನೇ ದಿನ ಅಲುಗಿತು. ಅಂದು ಆದ ಸಂತೋಷ ನೂರು ಡಿಗ್ರಿ ಮಡಚಿದ ದಿನವೂ ಆಗಲಿಲ್ಲ.

ಬಾವು ಇಳಿಯಲು ಐಸ್, ತೆಳು ಬಟ್ಟೆಯಲ್ಲಿ ಸುತ್ತಿ, ಒಂದು ಸಲಕ್ಕೆ 15–20 ನಿಮಿಷ. ಕುರ್ಚಿಯಲ್ಲಿ ಕೂತು ಸ್ಟೂಲ್ ಮೇಲೆ ಕಾಲಿಟ್ಟರೆ ಬಾವು ಅಷ್ಟಾಗಿ ಇಳಿಯುವುದಿಲ್ಲ. ಮಲಗಿ, ಕಾಲು ಎದೆಯ ಮಟ್ಟಕ್ಕಿಂತ ಮೇಲಿರುವಂತೆ ಇಡಿ. ನಮ್ಮ ಕಡೆ ಏಪ್ರಿಲ್ ಬಿಸಿಲಿನಲ್ಲಿ ಸಂಜೆ ಹೊತ್ತಿಗೆ ಬಾವು ಏರುತ್ತದೆ, ಆಗ ಇನ್ನೊಂದು ಸುತ್ತು. ಮಂಡಿ ಮುಟ್ಟಿದರೆ ಬೆಚ್ಚಗಿರುವುದು ತಿಂಗಳುಗಟ್ಟಲೆ ಇರಬಹುದು. ದಿನದಿಂದ ದಿನಕ್ಕೆ ಕೆಂಪು, ಬಿಸಿ ಜಾಸ್ತಿಯಾಗುತ್ತಾ ಹೋದರೆ ಅದು ಬೇರೆ ಮಾತು, ಡಾಕ್ಟರ್‌ಗೆ ಹೇಳಿ.

ಹೊಲಿಗೆ ಬಿಚ್ಚಿದ ಮೇಲೆ: ಚಿಪ್ಪನ್ನು ಕೈಯಿಂದ ಸರಿಸುವುದು

ಇದನ್ನು ಫಿಸಿಯೋ ಒಮ್ಮೆ ತೋರಿಸಿದ ಮೇಲೆಯೇ ಶುರು ಮಾಡಿ. ಗಾಯ ಪೂರ್ತಿ ಮುಚ್ಚಿರಬೇಕು, ಎಲ್ಲೂ ಜಿನುಗಬಾರದು.

ಮಂಚದ ಮೇಲೆ ಗೋಡೆಗೊರಗಿ ಕೂತು ಕಾಲು ಚಾಚಿ. ತೊಡೆಯನ್ನು ಪೂರ್ತಿ ಸಡಿಲ ಬಿಡಿ. ತೊಡೆ ಬಿಗಿಯಾಗಿದ್ದರೆ ಚಿಪ್ಪು ಬೀಗ ಹಾಕಿದಂತೆ ಕೂತುಬಿಡುತ್ತದೆ, ಎಷ್ಟು ತಳ್ಳಿದರೂ ಬರುವುದಿಲ್ಲ. ಮೊದಲು ಒಳ್ಳೆ ಕಾಲಿನಲ್ಲಿ ಅಭ್ಯಾಸ ಮಾಡಿ, ಎಷ್ಟು ಸರಿಯುತ್ತದೆ ಎಂದು ಗೊತ್ತಾಗುತ್ತದೆ. ಆಮೇಲೆ ಆಪರೇಷನ್ ಕಾಲಿಗೆ ಬನ್ನಿ. ಹೆಬ್ಬೆರಳು, ತೋರುಬೆರಳು ಚಿಪ್ಪಿನ ಅಂಚಿಗೆ ಕೊಟ್ಟು ಮೆಲ್ಲಗೆ ಒಳಬದಿಗೆ ಸರಿಸಿ, ಕೆಲವು ಸೆಕೆಂಡು ಹಿಡಿದು ಬಿಡಿ. ಹಾಗೇ ಹೊರಬದಿಗೆ. ಆಮೇಲೆ ಪಾದದ ಕಡೆಗೆ, ಕೊನೆಗೆ ತೊಡೆಯ ಕಡೆಗೆ. ಒಂದೊಂದು ದಿಕ್ಕಿಗೆ ಹತ್ತು ಸಲ. ಅಂಚಿನಿಂದ ಸರಿಸಬೇಕೇ ಹೊರತು ಮೇಲಿನಿಂದ ಮೂಳೆಗೆ ಅದುಮಬಾರದು.

ನಾಲ್ಕು ದಿಕ್ಕು ಯಾಕೆ ಅಂದರೆ, ಕಾಲು ಮಡಚುವಾಗ ಚಿಪ್ಪು ಕೆಳಗೆ ಜಾರಬೇಕು, ನೆಟ್ಟಗಾಗುವಾಗ ಮೇಲೆ ಜಾರಬೇಕು. ಚಿಪ್ಪು ಕೆಳಗೆ ಇಳಿಯದೆ ಮಂಡಿ ಮಡಚು ಎಂದರೆ ಅದೆಲ್ಲಿಂದ ಮಡಚೀತು? ಮನೆಯವರು ಕಾಲು ಹಿಡಿದು ಬಲವಂತವಾಗಿ ಬಗ್ಗಿಸುವ ಮೊದಲು ಇದನ್ನು ನೆನಪಿಟ್ಟುಕೊಳ್ಳಬೇಕು. ನಮ್ಮ ಯಜಮಾನರಿಗೆ ಇದನ್ನು ಎರಡು ಸಲ ಹೇಳಬೇಕಾಯಿತು.

ತೊಡೆಗೆ ಕೆಲಸ

ಇಲ್ಲಿ ಅವಸರ ಮಾಡಿದವರೇ ಹೆಚ್ಚು ಕೆಡುತ್ತಾರೆ. ಒಂದು ಹಂತ ಸಲೀಸಾದ ಮೇಲೆ ಮುಂದಿನದು.

ಮೊದಲು ಕಾಲೆತ್ತುವುದು. ಒಳ್ಳೆ ಕಾಲು ಮಡಚಿ ಮಲಗಿ. ಇನ್ನೊಂದರ ತೊಡೆ ಬಿಗಿದು, ಮಂಡಿ ನೆಟ್ಟಗಿಟ್ಟು, ಸುಮಾರು ಒಂದು ಅಡಿ ಎತ್ತಿ. 3 ಎಣಿಸಿ ನಿಧಾನಕ್ಕೆ ಇಳಿಸಿ. ಎತ್ತುವಾಗ ಮಂಡಿ ಸ್ವಲ್ಪ ಬಾಗಿದರೆ ತೊಡೆ ಇನ್ನೂ ತಯಾರಿಲ್ಲ ಎಂದರ್ಥ. ಹಿಂದಿನ ಪಾಠಕ್ಕೆ ಹೋಗಿ.

ಆಮೇಲೆ ಮಂಡಿಯ ಕೆಳಗೆ ಸುತ್ತಿದ ಕಂಬಳಿ ಇಟ್ಟು, ಹಿಮ್ಮಡಿಯನ್ನಷ್ಟೇ ಎತ್ತಿ ಕಾಲು ನೆಟ್ಟಗೆ ಮಾಡುವುದು. ಕಂಬಳಿ ಈ ವ್ಯಾಯಾಮಕ್ಕೆ ಮಾತ್ರ, ಮುಗಿದ ಕೂಡಲೇ ತೆಗೆಯಿರಿ. ಕೊನೆಯ ಆ ಸ್ವಲ್ಪ ಎತ್ತರದಲ್ಲೇ ಸೋತ ತೊಡೆ ಕೈಕೊಡುವುದು, ಆದ್ದರಿಂದ ಅಲ್ಲಿ 5 ಎಣಿಸಿ.

ಜೊತೆಗೆ, ಒಳ್ಳೆ ಕಾಲಿನ ಮಗ್ಗುಲಿಗೆ ಮಲಗಿ ಆಪರೇಷನ್ ಕಾಲನ್ನು ಮೇಲಕ್ಕೆ ಎತ್ತುವುದು. ಎರಡು ಕಾಲಿನ ನಡುವೆ ದಿಂಬು ಇಟ್ಟುಕೊಂಡರೆ ಸುಲಭ. ಇದು ಸೊಂಟದ ಪಕ್ಕದ ಸ್ನಾಯುವಿಗೆ. ಮಂಡಿಗೂ ಸೊಂಟಕ್ಕೂ ಏನು ಸಂಬಂಧ ಎಂದು ನಾನೂ ಕೇಳಿದ್ದೆ. ಸೊಂಟ ಸೋತರೆ ಹೆಜ್ಜೆ ಇಟ್ಟಾಗ ಮಂಡಿ ಒಳಕ್ಕೆ ವಾಲುತ್ತದೆ, ಹಗ್ಗ ಓರೆಯಾಗುತ್ತದೆ, ಚಿಪ್ಪು ಹೊರಗಿನ ಅಂಚಿಗೆ ಉಜ್ಜುತ್ತದೆ.

ಸುಮಾರು ಆರು ವಾರದ ನಂತರ, ಫಿಸಿಯೋ ಒಪ್ಪಿದರೆ, ನಿಂತು ಮಾಡುವುದು. ಅಡುಗೆಕಟ್ಟೆ ಹಿಡಿದು ಮಂಡಿಯನ್ನು ತುಸುವೇ ಬಾಗಿಸಿ ಏಳುವುದು. ಎತ್ತರದ ಕುರ್ಚಿಯಿಂದ ಕೈ ಊರದೆ ಏಳುವುದು. ನಾಲ್ಕು ಇಂಚಿನ ಹಲಗೆ ಹತ್ತಿ ಇಳಿಯುವುದು. ಎಲ್ಲದರಲ್ಲೂ ಮಂಡಿ ಪಾದದ ಎರಡನೇ ಬೆರಳಿನ ನೇರಕ್ಕೆ ಇರಲಿ. ಬೀರುವಿನ ಕನ್ನಡಿ ಮುಂದೆ ಮಾಡಿದರೆ ತಪ್ಪು ಕಾಣುತ್ತದೆ.

ಈಗ ನನ್ನ ದಡ್ಡತನ. ಏಳನೇ ವಾರದಲ್ಲಿ ಪಕ್ಕದ ಮನೆಯವರೊಬ್ಬರ ಮಾತು ಕೇಳಿ, ಒಂದು ಕೆಜಿ ಉಪ್ಪಿನ ಪ್ಯಾಕೆಟನ್ನು ಪಾದದ ಗಂಟಿಗೆ ಕಟ್ಟಿಕೊಂಡೆ. ಕುರ್ಚಿಯಲ್ಲಿ ಕೂತು ಕಾಲು ಒದೆಯುವುದು, ಐವತ್ತು ಸಲ. ತೊಡೆ ಬೇಗ ಬಲವಾಗಲಿ ಅಂತ. ಕೂತು ಭಾರ ಎತ್ತಿದರೆ ಅಷ್ಟೂ ಒತ್ತಡ ಹೋಗಿ ಬೀಳುವುದು ಚಿಪ್ಪಿನ ಮೇಲೆ. ಮಾರನೇ ದಿನ ಮಂಡಿ ಹಲಸಿನಕಾಯಿ. ನಾಲ್ಕು ದಿನ ಎಲ್ಲ ವ್ಯಾಯಾಮವೂ ಬಂದ್.

ಆಮೇಲೆ ಒಂದು ಲೆಕ್ಕ ಇಟ್ಟುಕೊಂಡೆ. ಟೈಲರ್ ಟೇಪಿನಿಂದ ದಿನಾ ಬೆಳಿಗ್ಗೆ ಎದ್ದ ಕೂಡಲೇ ಚಿಪ್ಪಿನ ನಡುಭಾಗದಲ್ಲಿ ಮಂಡಿಯ ಸುತ್ತಳತೆ ತೆಗೆದು ಕ್ಯಾಲೆಂಡರ್ ಮೇಲೆ ಬರೆಯುವುದು. ನಿನ್ನೆಗಿಂತ ಎದ್ದು ಕಾಣುವಷ್ಟು ಹೆಚ್ಚಿದ್ದರೆ ಅಂದಿನ ವ್ಯಾಯಾಮ ಅರ್ಧ. ಮಾಡುವಾಗ ನೋವು ಹತ್ತಕ್ಕೆ ಮೂರು ನಾಲ್ಕರಷ್ಟು ಇದ್ದರೆ ಇರಲಿ, ಆದರೆ ಮರುದಿನ ಬೆಳಿಗ್ಗೆ ಹೊತ್ತಿಗೆ ಅದು ಇಳಿದಿರಬೇಕು.

ಕುರ್ಚಿ, ಮೆಟ್ಟಿಲು, ಬಸ್ಸು

ಮೆಟ್ಟಿಲು ಹತ್ತಿಳಿಯುವಾಗ ಚಿಪ್ಪಿನ ಮೇಲೆ ಬೀಳುವ ಭಾರ ನಮ್ಮ ತೂಕದ ಸುಮಾರು ಮೂರು ಪಟ್ಟು. ಅಂದರೆ ಮೈಮೇಲಿನ ಒಂದೊಂದು ಕೆಜಿಯೂ ಚಿಪ್ಪಿಗೆ ಮೂರು ಕೆಜಿ. ಬೆಣ್ಣೆದೋಸೆ ಊರಿನಲ್ಲಿ ಕೂತು ಇದನ್ನು ಬರೆಯಲು ನನಗೂ ಬೇಜಾರೇ.

ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು. ಒಂದೊಂದೇ ಮೆಟ್ಟಿಲು, ಕೈ ಕಂಬಿಯ ಮೇಲೆ. ಕೋಲು ಹಿಡಿಯುವುದು ಒಳ್ಳೆ ಕಾಲಿನ ಕಡೆಯ ಕೈಯಲ್ಲಿ. ಇದನ್ನು ಉಲ್ಟಾ ಹಿಡಿದವರನ್ನು ಎಷ್ಟು ಜನ ನೋಡಿದ್ದೇನೋ! ಒಂದು ಕಾಲಿಗೆ ಒಂದು ಮೆಟ್ಟಿಲಂತೆ ಇಳಿಯುವ ಆಸೆಯನ್ನು, ನಾಲ್ಕು ಇಂಚಿನ ಹಲಗೆಯಿಂದ ನೋವಿಲ್ಲದೆ ಇಳಿಯಲು ಬರುವ ತನಕ ಬದಿಗಿಡಿ.

ಕಾಲು ಮಡಚಿ ಬಹಳ ಹೊತ್ತು ಕೂತರೆ ಚಿಪ್ಪು ಕೊರೆಯುತ್ತದೆ. ಅರ್ಧ ಗಂಟೆಗೊಮ್ಮೆ ಕಾಲು ಚಾಚಿ, ತೊಡೆಯನ್ನು ಐದು ಸಲ ಬಿಗಿದು ಬಿಡಿ. ಚೆಕಪ್‌ಗೆ ಚಿತ್ರದುರ್ಗದಿಂದ ದಾವಣಗೆರೆಗೆ ಬರುವವರಿಗೆ ಬಸ್ಸಿನಲ್ಲಿ 60 ಕಿಲೋಮೀಟರ್ ಆಸುಪಾಸು. ನಡುದಾರಿಯ ಪಕ್ಕದ ಸೀಟು ಹಿಡಿದು ಕಾಲು ಚಾಚಿಕೊಳ್ಳಿ. ಆಟೋ ಹತ್ತುವಾಗ ಮೊದಲು ಸೀಟಿಗೆ ಬೆನ್ನು ಮಾಡಿ ಅದರ ಮೇಲೆ ಕೂತು, ಆಮೇಲೆ ಕಾಲು ಒಳಗೆ ತೆಗೆದುಕೊಳ್ಳಿ.

ನಡೆಯಲು ಸಮತಟ್ಟು ಜಾಗ ಬೇಕು. ನಾನು ಕುಂದವಾಡ ಕೆರೆಯ ದಾರಿಯಲ್ಲಿ ಬೆಳಿಗ್ಗೆ ಹೋಗುತ್ತೇನೆ, ಶುರುವಿನಲ್ಲಿ ಹತ್ತೇ ನಿಮಿಷ. ದುರ್ಗದವರು ಕೋಟೆಯ ಕಲ್ಲುಮೆಟ್ಟಿಲಿನ ತಂಟೆಗೆ ಸದ್ಯಕ್ಕೆ ಹೋಗಬೇಡಿ. ಓಬವ್ವನ ಕಿಂಡಿ ತೋರಿಸುವುದಿದ್ದರೆ ಮೊಮ್ಮಕ್ಕಳನ್ನು ಬೇರೆಯವರ ಜೊತೆ ಕಳಿಸಿ.

ನೆಲದ ಮೇಲೆ ಚಕ್ಕಳಮಕ್ಕಳ, ಈಳಿಗೆ ಮಣೆ, ಕುಕ್ಕರಗಾಲಿನ ಕಕ್ಕಸು ಮೂರೂ ಬೇಡ. ಮದುವೆಮನೆಯಲ್ಲಿ ಟೇಬಲ್ ಕೇಳಲು ನಾಚಿಕೆ ಪಡಬೇಡಿ. ದೇವರ ಮುಂದೆ ಮಂಡಿಯೂರುವ ವಿಚಾರವನ್ನು ಸರ್ಜನ್ ಹತ್ತಿರವೇ ಕೇಳಿ. ಗಾಯ ಪೂರ್ತಿ ಆರಿದ ಮೇಲೂ ಅದು ಹಿತವೆನಿಸುವುದಿಲ್ಲ. ಜೋಮು ಹಿಡಿದ ಚರ್ಮ ವಿಚಿತ್ರವಾಗಿ ಜುಮ್ಮೆನ್ನುತ್ತದೆ. ನಾನು ನಿಂತೇ ಕೈಮುಗಿಯುತ್ತೇನೆ.

ಎಣ್ಣೆ, ಪಟ್ಟಿ, ಮಾತ್ರೆ

ಗಾಯ ಮಾಯುವ ಮುನ್ನ ಎಣ್ಣೆ ಬೇಡ. ನಾಟಿ ವೈದ್ಯರ ಹತ್ತಿರ ಮಂಡಿ ತಿರುವಿಸಿಕೊಳ್ಳುವುದಂತೂ ಯಾವತ್ತೂ ಬೇಡ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಬಿಗಿ ಎಲಾಸ್ಟಿಕ್ ನೀಕ್ಯಾಪ್ ಚಿಪ್ಪನ್ನು ಹಿಂದಕ್ಕೆ ಅದುಮುತ್ತದೆ, ಡಾಕ್ಟರ್ ಹೇಳದೆ ಹಾಕಬೇಡಿ. ನೋವಿನ ಮಾತ್ರೆ ನೀವೇ ಕೇಳಿ ತರುವುದು ಅಪಾಯ. ಬಿಪಿ, ಶುಗರ್, ಕಿಡ್ನಿ ತೊಂದರೆ ಇದ್ದವರಿಗೆ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಜಾಸ್ತಿ. ಡಾಕ್ಟರ್ ಬರೆದದ್ದನ್ನು ವ್ಯಾಯಾಮಕ್ಕೆ ಎಷ್ಟು ಮುಂಚೆ ನುಂಗಬೇಕು ಎಂದು ಕೇಳಿಕೊಂಡು ಹಾಗೇ ಮಾಡಿ.

ಅವತ್ತೇ ಫೋನ್ ಮಾಡಬೇಕಾದದ್ದು

ಗಾಯದಿಂದ ನೀರು ಅಥವಾ ಕೀವು ಬಂದರೆ. ಜ್ವರ, ಚಳಿ ಬಂದರೆ. ಮೀನಖಂಡ ಊದಿ ನೋಯುತ್ತಿದ್ದರೆ. ಬಿದ್ದ ಮೇಲೆ ಅಥವಾ 'ಫಟ್' ಎಂದ ಮೇಲೆ ನೆಟ್ಟಗೆ ಕಾಲೆತ್ತಲು ಆಗದಿದ್ದರೆ. ಈ ಕೊನೆಯದರಲ್ಲಿ ಚಿಪ್ಪು ಒಡೆದಿರಬಹುದು, ಇಲ್ಲವೇ ಅದನ್ನು ಹಿಡಿದಿರುವ ಗಟ್ಟಿ ನಾರು ಹರಿದಿರಬಹುದು. ಬೆಳಿಗ್ಗೆ ನೋಡೋಣ ಅನ್ನಬಾರದು. ಎದೆನೋವು ಅಥವಾ ಉಸಿರಾಟಕ್ಕೆ ಕಷ್ಟವಾದರೆ ಫೋನೂ ಬೇಡ, ನೇರ ಎಮರ್ಜೆನ್ಸಿಗೆ ಹೋಗಿ.

ತಿಂಗಳುಗಳಾದರೂ ಇಳಿಯದಿದ್ದರೆ

ಆರು ವಾರದ ಚೆಕಪ್‌ಗೆ ಹೋದಾಗಲೂ ಮಂಡಿ 90 ಡಿಗ್ರಿಗೆ ಬರುತ್ತಿಲ್ಲ, ಚಿಪ್ಪೂ ಅಲುಗುತ್ತಿಲ್ಲ ಅಂದರೆ ಮೂರು ತಿಂಗಳ ತನಕ ಕಾಯಬೇಡಿ, ಅಲ್ಲೇ ಹೇಳಿ. ಅರಿವಳಿಕೆ ಕೊಟ್ಟು ಮಂಡಿ ಮಡಚಿಸುವ ದಾರಿಯೊಂದಿದೆ. ಒಳಗಿನ ನಾರು ಗಟ್ಟಿಯಾಗುವ ಮುಂಚೆ, ಮೊದಲ ಮೂರು ತಿಂಗಳೊಳಗೆ ಮಾಡಿದರೆ ಅದರಿಂದ ಉಪಯೋಗ ಜಾಸ್ತಿ.

ಮೂರು ತಿಂಗಳು ನಿಯತ್ತಾಗಿ ತೊಡೆ ಕೆಲಸ ಮಾಡಿಯೂ ಚಿಪ್ಪಿನ ನೋವು ಹಾಗೇ ಇದ್ದರೆ, "ಮಂಡಿ ನೋವು" ಎಂದಷ್ಟೇ ಹೇಳಬೇಡಿ. ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಚಿಪ್ಪಿನ ಯಾವ ಅಂಚು, ಎಷ್ಟು ಮಡಚಿದಾಗ, ಹತ್ತುವಾಗಲೋ ಇಳಿಯುವಾಗಲೋ, ರಾತ್ರಿ ಮಲಗಿದಾಗಲೂ ಇದೆಯೋ. ನನ್ನ ಚೀಟಿ ನೋಡಿದ ಮೇಲೆಯೇ ಡಾಕ್ಟರ್ ಕಾಲು ಮಡಚಿಸಿ 'ಸ್ಕೈಲೈನ್' ಎಕ್ಸ್‌ರೇ ತೆಗೆಸಿದ್ದು. ಚಿಪ್ಪು ಕಾಲುವೆಯಲ್ಲಿ ನಡುವೆ ಕೂತಿದೆಯೋ ವಾಲಿದೆಯೋ ಅದರಲ್ಲಿ ಕಾಣುತ್ತದೆ. ಸೋಂಕಿನ ಅನುಮಾನ ಬಂದರೆ ರಕ್ತ ಪರೀಕ್ಷೆ ಮಾಡಿಸುತ್ತಾರೆ, ಮಂಡಿಯ ನೀರನ್ನೂ ತೆಗೆದು ನೋಡುತ್ತಾರೆ. ಆಗಲೇ ಹೇಳಿದ ಗಂಟನ್ನು ಸಣ್ಣ ತೂತು ಮಾಡಿ ದುರ್ಬೀನು ಹಾಕಿ ತೆಗೆಯಬಹುದು.

ನನ್ನ ಚಿಪ್ಪು ನಡುವೆಯೇ ಇತ್ತು. "ತೊಡೆ ಇನ್ನೂ ಸಣ್ಣಗಿದೆ, ಮುಂದುವರಿಸಿ" ಎಂದರು. ಎಂಟನೇ ತಿಂಗಳಿನಲ್ಲಿ ಮನೆ ಮುಂದಿನ ಮೂರು ಮೆಟ್ಟಿಲನ್ನು ಕಂಬಿ ಹಿಡಿಯದೆ ಇಳಿದೆ. ಎಡಗಾಲಿಗೂ ಆಪರೇಷನ್ ಆಗಬೇಕಂತೆ. ಡೇಟ್ ಇನ್ನೂ ತೆಗೆದುಕೊಂಡಿಲ್ಲ. ಆ ತೊಡೆಗೆ ಮಾತ್ರ ಈಗಿನಿಂದಲೇ ದಿನಕ್ಕೆ ಮೂರು ಸುತ್ತು ನಡೆಯುತ್ತಿದೆ.